ಮಸ್ಕಾಳನ್ನು ಮಲಗಿಸುವುದು

ಗೋರೆಗಾಂವ್
6 ಜನವರಿ 2024

ತಂಗಿ ವಿಜೇತಾ ಅವರಿಗೆ ಶರಣಬಸಪ್ಪನ ಶರಣು ಶರಣಾರ್ಥಿ.

ನೀವು ಫೋನ್ ಮಾಡಿದ್ದಿರಿ ಎಂದು ನನ್ನ ಹೆಂಡತಿ ಅಂಬವ್ವ ಹೇಳಿದಳು. ಕುದುರೆ ಒದ್ದ ವರ್ಷವೇ ನನ್ನ ಎಡಗಿವಿ ಹೋಗಿತ್ತು, ಈಗ ಬಲಗಿವಿಯೂ ಅದರ ಹಿಂದೆ ಹೊರಟಿದೆ. ಫೋನಿನಲ್ಲಿ ಗುಂಯ್ ಎನ್ನುವುದು ಬಿಟ್ಟರೆ ಏನೂ ಕೇಳುವುದಿಲ್ಲ. ಅವಳ ಕೈಗೆ ಕೊಟ್ಟರೆ ಮಸ್ಕಾಳ ಹೆಸರು ಬಂದ ಕೂಡಲೇ ಅಳಲು ಶುರು ಮಾಡುತ್ತಾಳೆ, ಸುದ್ದಿ ಅಲ್ಲಿಗೇ ನಿಲ್ಲುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಆಳಂದದಲ್ಲಿ ಏಳನೆಯ ಇಯತ್ತೆಯ ತನಕ ಕಲಿತವನು ನಾನು. ಪತ್ರ ಬರೆದರೆ ಪುಸ್ತಕದ ಭಾಷೆಯಲ್ಲೇ ಬರೆಯಬೇಕು ಎಂದು ನಮ್ಮ ಮಾಸ್ತರರು ಬೆತ್ತ ಹಿಡಿದು ಹೇಳುತ್ತಿದ್ದರು.

ವಿಷಯ ಇಷ್ಟು. ನಮ್ಮ ರೈಡಿಂಗ್ ಕ್ಲಾಸು ಮಾರ್ಚ್ ಕೊನೆಗೆ ಮುಚ್ಚುತ್ತದೆ. ಜಾಗದಲ್ಲಿ ಬಿಲ್ಡಿಂಗ್ ಏಳುತ್ತದಂತೆ. ಆರು ಎಳೆಯ ಕುದುರೆಗಳನ್ನು ಮಾಲಕರು ಪನವೇಲಿನ ಕ್ಲಾಸಿಗೆ ಕಳಿಸುತ್ತಾರೆ, ಅವುಗಳನ್ನು ನೋಡಿಕೊಳ್ಳುವ ಸೈಸ್ ಎಂದು ನಾನೂ ಹೋಗುತ್ತೇನೆ. ಮಸ್ಕಾ ಮಾತ್ರ ನಿಮ್ಮ ಮನೆಯ ಕುದುರೆ. ಅವಳಿಗೆ ಇಪ್ಪತ್ತನಾಲ್ಕು ನಡೆಯುತ್ತಿದೆ. ಆ ವಯಸ್ಸಿನ ಕುದುರೆಯನ್ನು ಅಲ್ಲಿ ಕಟ್ಟಿಸಿಕೊಳ್ಳುವುದಿಲ್ಲ ಎಂದು ಖಡಕ್ಕಾಗಿ ಹೇಳಿದ್ದಾರೆ.

ನಿಮ್ಮ ಪಪ್ಪ ರಮಾನಾಥ ಸೇಠರು ಇದ್ದಾಗ ಪ್ರತಿ ಭಾನುವಾರ ನಿಮ್ಮ ಹೋಟೆಲಿನ ಗಜ್ಜರಿ ಸಿಪ್ಪೆಯನ್ನು ಚೀಲದಲ್ಲಿ ತರುತ್ತಿದ್ದರು. ಅವರು ತೀರಿ ಎರಡು ವರ್ಷವಾಯಿತು. ಭಾನುವಾರ ಬಂದರೆ ಮಸ್ಕಾ ಇವತ್ತಿಗೂ ಗೇಟಿನ ಕಡೆಗೆ ಮುಖ ಮಾಡಿ ನಿಲ್ಲುತ್ತಾಳೆ.

ಒಂದು ಸಲ ಬಂದು ಹೋಗಿ. ಗ್ರಾಂಟ್ ರೋಡಿನಿಂದ ಗೋರೆಗಾಂವಿಗೆ ಒಂದೇ ಗಾಡಿ, ಎಲ್ಲಿಯೂ ಬದಲಿಸಬೇಕಾಗಿಲ್ಲ.

ನಿಮ್ಮ
ಶರಣಬಸಪ್ಪ


ಗ್ರಾಂಟ್ ರೋಡ್
12 ಜನವರಿ 2024

ಶರಣಬಸಪ್ಪ ಕಾಕಾ, ನಮಸ್ಕಾರ.

ಪತ್ರ ತಲುಪಿತು. ನನ್ನ ಕನ್ನಡ ನಿಮಗೆ ಗೊತ್ತೇ ಇದೆ. ಹೋಟೆಲಿನ ತಿಂಡಿಯ ಬೋರ್ಡ್ ನೋಡಿ ಅಕ್ಷರ ಕಲಿತವಳು ನಾನು, ಇಡ್ಲಿ ವಡೆ ದಾಟಿದರೆ ಕಾಗುಣಿತ ತಪ್ಪುತ್ತದೆ. ನಾನು ಬರೆದದ್ದನ್ನು ಅಮ್ಮ ತಿದ್ದುತ್ತಾರೆ, ಅದನ್ನು ನೋಡಿ ಮತ್ತೆ ಬರೆಯುತ್ತೇನೆ. ಈ ಪತ್ರದಲ್ಲಿ ತಪ್ಪು ಕಂಡರೆ ಶೀಲಾವತಿ ಅಮ್ಮನ ಮೇಲೆ ಹಾಕಿ.

ಕಾಕಾ, ನಾನು ಸುಮ್ಮನೆ ಕೂತಿಲ್ಲ. ಮಸ್ಕಾಳಿಗೆ ಒಂದು ಒಳ್ಳೆಯ ಮನೆ ಹುಡುಕಿದ್ದೇನೆ. ಮಾಲಾಡಿನವರೊಬ್ಬರು ಮದುವೆಗೆ ಕುದುರೆ ಕೊಡುತ್ತಾರೆ. ಬೆಣ್ಣೆ ಬಣ್ಣದ, ಸಾಧು ಸ್ವಭಾವದ ಹೆಣ್ಣು ಕುದುರೆ ಅವರಿಗೆ ಬೇಕಾಗಿತ್ತಂತೆ. "ಸೀಸನ್‌ನಲ್ಲಿ ನಾಲ್ಕು ಹೆಜ್ಜೆ ನಡೆದರೆ ಸಾಕು, ಉಳಿದ ದಿನ ಆರಾಮ, ಮನೆಯವಳ ಹಾಗೆ ಇಟ್ಟುಕೊಳ್ಳುತ್ತೇವೆ" ಎಂದರು. ಇದೇ ಬರುವ 21ರ ಭಾನುವಾರ ನೋಡಲು ಬರುತ್ತಾರೆ. ಮೈ ತಿಕ್ಕಿ ಚೆನ್ನಾಗಿ ನಿಲ್ಲಿಸಿ.

ಬರಬೇಕೆಂದೇ ಇದೆ. ಆದರೆ ಪಪ್ಪ ಹೋದ ಮೇಲೆ ಗಲ್ಲಾದಲ್ಲಿ ಅಮ್ಮ ಅಥವಾ ನಾನು, ಒಬ್ಬರು ಇರಲೇಬೇಕು. ಬಿಡುವು ಆಗುತ್ತಿಲ್ಲ.

ವಿಜೇತಾ


ಗೋರೆಗಾಂವ್
23 ಜನವರಿ 2024

ತಂಗಿ ವಿಜೇತಾ ಅವರಿಗೆ ಶರಣು.

ಮಾಲಾಡಿನವನು ಬಂದಿದ್ದ. ಮಸ್ಕಾ ಅವನಿಗೆ ಹಿಡಿಸಲಿಲ್ಲ. ಹೊರಟುಹೋದ.

ಇಲ್ಲಿ ಎಲ್ಲರೂ ಕ್ಷೇಮ. ಹುಲ್ಲು ಚೆನ್ನಾಗಿ ಬರುತ್ತಿದೆ.

ಮಧ್ಯಾಹ್ನ ಮೂರರಿಂದ ಐದರ ತನಕ ನಿಮ್ಮ ಹೋಟೆಲಿನಲ್ಲಿ ಗಿರಾಕಿ ಕಡಿಮೆ ಎಂದು ಸೇಠರು ಹೇಳುತ್ತಿದ್ದರು. ಸುಮ್ಮನೆ ನೆನಪಾಯಿತು, ಬರೆದೆ.

ಶರಣಬಸಪ್ಪ


ಗ್ರಾಂಟ್ ರೋಡ್
29 ಜನವರಿ 2024

ಕಾಕಾ,

ಹಿಡಿಸಲಿಲ್ಲ ಎಂದು ಬರೆದಿರಿ. ನಾನು ಮಾಲಾಡಿನವರಿಗೇ ಫೋನ್ ಮಾಡಿ ಕೇಳಿದೆ. ಬ್ಯಾಂಡಿನ ಸದ್ದು ಕೇಳಿದರೆ ಅವಳು ಕಚ್ಚುತ್ತಾಳೆ, ಹೋದ ವರ್ಷ ಒಬ್ಬನ ಭುಜ ಕಚ್ಚಿದ್ದಾಳೆ ಎಂದು ನೀವೇ ಹೇಳಿದಿರಂತೆ. ಹಲ್ಲು ಬಿಡಿಸಿ ತೋರಿಸಿ, ಮೊಣಕಾಲು ಮುಟ್ಟಿಸಿ, "ನಡುಬೀದಿಯಲ್ಲಿ ಬಿದ್ದರೆ ಮದುಮಗನನ್ನು ಯಾರು ಎತ್ತುತ್ತಾರೆ" ಎಂದೂ ಕೇಳಿದಿರಂತೆ.

ಮಸ್ಕಾ ಯಾರನ್ನು ಕಚ್ಚಿದ್ದಾಳೆ? ನಾನು ಹನ್ನೊಂದು ವರ್ಷದವಳಾಗಿದ್ದಾಗ ಅವಳ ಬಾಯಿಯೊಳಗೆ ಮೊಣಕೈ ತನಕ ಕೈ ಹಾಕಿ ಬೆಲ್ಲ ಇಡುತ್ತಿದ್ದೆ.

ಬೇಜಾರಾಗಿದೆ. ಇನ್ನು ಎರಡೇ ತಿಂಗಳು. ಬರುವವರನ್ನೆಲ್ಲ ಹೀಗೆ ಓಡಿಸಿದರೆ ಅವಳನ್ನು ನಾನು ಎಲ್ಲಿ ಕಟ್ಟಲಿ, ಹೋಟೆಲಿನ ಅಟ್ಟದ ಮೇಲೋ? ನಿಮಗೇನು ಬೇಕು ಅಂತ ನೇರ ಹೇಳಿ. ಈ ಕೊನೆಯ ಸಾಲುಗಳನ್ನು ಅಮ್ಮ ಹೊಡೆದು ಹಾಕಿದ್ದರು. ನಾನು ಮತ್ತೆ ಬರೆದಿದ್ದೇನೆ.

ವಿಜೇತಾ


ಗೋರೆಗಾಂವ್
4 ಫೆಬ್ರವರಿ 2024

ತಂಗಿ,

ಓಡಿಸಿದ್ದು ಖರೆ. ನಿಮ್ಮ ಪತ್ರ ಓದಿದ ಮೇಲೆ ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಕಚ್ಚುತ್ತಾಳೆ ಎಂದದ್ದು ಸುಳ್ಳು. ಹಲ್ಲು ಮತ್ತು ಮೊಣಕಾಲಿನದು ಸುಳ್ಳಲ್ಲ.

ನಿಮಗೆ ಶಿಕಾರಿ ನೆನಪಿರಬಹುದು, ಹಣೆಯ ಮೇಲೆ ಬಿಳಿ ಚುಕ್ಕೆಯ ಕಂದು ಕುದುರೆ. ಏಳು ವರ್ಷದ ಹಿಂದೆ ಅವನಿಗೆ ಹತ್ತೊಂಬತ್ತು ತುಂಬಿದಾಗ ವಡಾಲದ ಒಬ್ಬ ಬಂದ. ಕಾಲನಿಯ ಕಾಂಪೌಂಡಿನಲ್ಲಿ ಇಟ್ಟುಕೊಳ್ಳುತ್ತೇನೆ, ಮಕ್ಕಳು ಹುಲ್ಲು ತಿನ್ನಿಸುತ್ತಾರೆ, ಒಳ್ಳೆಯ ಮನೆ ಎಂದ. ನಿಮ್ಮದೇ ಶಬ್ದ. ಟೆಂಪೋದಲ್ಲಿ ಹಗ್ಗ ಹಿಡಿದು ನಿಂತು, ಅವನನ್ನು ವಡಾಲಕ್ಕೆ ಮುಟ್ಟಿಸಿ ಬಂದವನು ನಾನು. ಕಾಂಪೌಂಡ್ ಇತ್ತು, ಮಕ್ಕಳೂ ಇದ್ದರು. ನಾನು ಖುಷಿಯಲ್ಲಿ ಲೋಕಲ್ ಹತ್ತಿ ವಾಪಸ್ ಬಂದೆ.

ಎಂಟು ತಿಂಗಳಾದ ಮೇಲೆ ಒಂದು ಸಂಜೆ ಯಾರದೋ ಮದುವೆಯ ಬಾರಾತ್‌ನಲ್ಲಿ ಅವನನ್ನು ನೋಡಿದೆ. ಮೈಮೇಲೆ ಜರಿ, ಹಿಂದೆ ಜನರೇಟರ್, ಕಿವಿಯ ಹತ್ತಿರ ತಾಸೆಯ ಬಡಿತ. ಒಂದು ಕಣ್ಣು ಬಿಳಿಯಾಗಿತ್ತು. ಡಾಂಬರಿನ ಮೇಲೆ ಹೆಜ್ಜೆ ಇಟ್ಟಾಗೆಲ್ಲ ಮುಂಗಾಲು ಮಡಚಿಕೊಳ್ಳುತ್ತಿತ್ತು. ವಡಾಲದವನು ಕೈ ಬದಲಿಸಿದ್ದ, ಆ ಕೈ ಮತ್ತೊಂದು ಕೈಗೆ ಕೊಟ್ಟಿತ್ತು. "ಶಿಕಾರಿ" ಅಂದೆ. ಅಷ್ಟು ಗದ್ದಲದಲ್ಲಿ ಅವನ ಕಿವಿ ನನ್ನ ಕಡೆ ತಿರುಗಿತು. ನಾನು ಗುರುತಿಲ್ಲದವನ ಹಾಗೆ ಜನರ ಹಿಂದೆ ಸರಿದೆ. ಇದನ್ನು ಅಂಬವ್ವನಿಗೂ ಹೇಳಿಲ್ಲ.

ಮಸ್ಕಾಳ ವಿಷಯ ಇನ್ನೊಂದಿದೆ. ಅವಳು ನಾಲ್ಕು ವರ್ಷದಿಂದ ನೆಲಕ್ಕೆ ಬೆನ್ನು ಕೊಟ್ಟಿಲ್ಲ. ಕುದುರೆ ನಿಂತೇ ತೂಕಡಿಸುತ್ತದೆ, ಆದರೆ ಗಾಢ ನಿದ್ದೆಗೆ ಅದೂ ಮಲಗಲೇಬೇಕು. ಮಲಗಿದರೆ ಏಳಲು ಆಗುವುದಿಲ್ಲ ಎಂದು ಅವಳ ಮೊಣಕಾಲಿಗೆ ಗೊತ್ತು. ಅದಕ್ಕೇ ಮಲಗುವುದಿಲ್ಲ. ನಿಂತಲ್ಲೇ ಕಣ್ಣು ಮುಚ್ಚಿ, ವಾಲಿ, ಬೀಳುವಷ್ಟರಲ್ಲಿ ಬೆಚ್ಚಿ ಎದ್ದು ನಿಲ್ಲುತ್ತಾಳೆ. ದಿನಕ್ಕೆ ಎಷ್ಟು ಸಲವೋ. ಸೇಠರಿಗೆ ಇದನ್ನು ಹೇಳಿರಲಿಲ್ಲ, ನಿಮಗೂ ಹೇಳಿರಲಿಲ್ಲ. ಹೇಳಿದರೆ ನೀವು ಏನು ತೀರ್ಮಾನ ಮಾಡುತ್ತೀರೋ ಎಂಬ ಹೆದರಿಕೆ.

ಶರಣಬಸಪ್ಪ


ಗ್ರಾಂಟ್ ರೋಡ್
20 ಫೆಬ್ರವರಿ 2024

ಕಾಕಾ,

ಈ ಪತ್ರ ಅಮ್ಮನಿಗೆ ತೋರಿಸಿಲ್ಲ. ತಪ್ಪು ಇದ್ದರೆ ಅಡ್ಜಸ್ಟ್ ಮಾಡಿ ಓದಿ.

ನಾನು ಕಳಿಸಿದ ಡಾಕ್ಟರ್ ಪ್ರಫುಲ್ಲಾ ಶನಿವಾರ ಬಂದು ನೋಡಿದರಲ್ಲ, ಅವರು ನನಗೆ ಎಲ್ಲಾ ಹೇಳಿದರು. ಎರಡೂ ಮೊಣಕಾಲು ಹೋಗಿದೆ. ಔಷಧಿಯಿಂದ ಸ್ವಲ್ಪ ದಿನ ಓಡುತ್ತದೆ, ಅಷ್ಟೇ. ಈಗ ಜಾಗ ಬದಲು ಮಾಡಿ ಯಾರಿಗೋ ಕೊಡುವುದು ಅವಳ ಮೇಲೆ ದಯೆ ಅಲ್ಲ, ನಮಗೆ ಸಮಾಧಾನ, ಅಷ್ಟೇ ಅಂದರು. ನಾನು ಜಗಳ ಮಾಡಿದೆ. ಆಮೇಲೆ ನನಗೂ ಗೊತ್ತಾಯಿತು.

ಕಾಕಾ, ಅವಳನ್ನು ಮಲಗಿಸಿಬಿಡಿ. ನಾಲ್ಕು ವರ್ಷ ನಿಂತಿದ್ದು ಸಾಕು. ನೀವು ಯಾವತ್ತು ಹೇಳುತ್ತೀರಿ ಆವತ್ತು ಡಾಕ್ಟರ್ ಬರುತ್ತಾರೆ. ಅವಳಿಗೆ ಹೆದರಿಕೆ ಆಗಬಾರದು, ನೋವು ಆಗಬಾರದು. ನಿಮ್ಮ ಕೈ ಅವಳ ಮೇಲೆ ಇರಲಿ.

ನಾನು ಬರುವುದಿಲ್ಲ. ನನ್ನಿಂದ ನೋಡಲು ಆಗುವುದಿಲ್ಲ. ದಯವಿಟ್ಟು ಕಾರಣ ಕೇಳಬೇಡಿ.

ವಿಜೇತಾ


(ಪೋಸ್ಟ್ ಕಾರ್ಡ್)
ಗೋರೆಗಾಂವ್, 24 ಫೆಬ್ರವರಿ 2024

ತಂಗಿ, ನೀವು ಬರೆದಂತೆ ಮಸ್ಕಾಳನ್ನು ಮಲಗಿಸಿದೆ. ಇವತ್ತು ಮಧ್ಯಾಹ್ನ ಎರಡಕ್ಕೆ. ಹೆದರಲಿಲ್ಲ, ಶಾಂತವಾಗಿ ಮಲಗಿದಳು. ತಲೆ ಅಂಬವ್ವನ ತೊಡೆಯ ಮೇಲಿತ್ತು. ಡಾಕ್ಟರರನ್ನು ಕರೆಯುವ ಅಗತ್ಯ ಬೀಳಲಿಲ್ಲ. ಮಣ್ಣು ಅಗೆದು ಕೈಗೆ ಬೊಬ್ಬೆ ಬಂದಿದೆ, ಹೆಚ್ಚು ಬರೆಯಲು ಆಗದು. ಶರಣಬಸಪ್ಪ.


ಗ್ರಾಂಟ್ ರೋಡ್
28 ಫೆಬ್ರವರಿ 2024

ಕಾಕಾ,

ಕಾರ್ಡ್ ಗಲ್ಲಾದ ಮೇಲೆ ಬಂದು ಬಿತ್ತು. ಗಿರಾಕಿಗಳ ಎದುರೇ ಓದಿದೆ. ಆಮೇಲೆ ಯಾರಿಗೆ ಎಷ್ಟು ಚಿಲ್ಲರೆ ಕೊಟ್ಟೆನೋ ಗೊತ್ತಿಲ್ಲ.

ಅಮ್ಮನಿಗೆ ಹೇಳಲೇಬೇಕಾಯಿತು. ಅವರು ಪಪ್ಪನ ಫೋಟೋದ ಮುಂದೆ ದೀಪ ಹಚ್ಚಿ ಒಳಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ನಾನೇ ಹೇಳಿದ್ದು, ನಿಜ. ಆದರೆ ಡಾಕ್ಟರ್ ಇಲ್ಲದೆ ಹೇಗೆ ಮಾಡಿದಿರಿ? ಇಂಜೆಕ್ಷನ್ ಯಾರು ಕೊಟ್ಟರು? ಏನು ಕೊಟ್ಟಿರಿ ಅವಳಿಗೆ? ಇದೇ ಪ್ರಶ್ನೆ ತಲೆಯಲ್ಲಿ ತಿರುಗುತ್ತಿದೆ, ಕೂತರೆ ಕೂರಲು ಆಗುತ್ತಿಲ್ಲ. ಎಲ್ಲಿ ಹೂತಿರಿ? ಆ ಜಾಗದ ಮೇಲೂ ಬಿಲ್ಡಿಂಗ್ ಬರುತ್ತದಾ?

ಬಿಡುವಿಲ್ಲ ಎಂದು ಬರೆದದ್ದು ಸುಳ್ಳು ಕಾಕಾ. ಈ ಎರಡು ತಿಂಗಳಲ್ಲಿ ಮೂರು ಸಲ ಗೋರೆಗಾಂವ್ ಸ್ಟೇಷನ್ನಿಗೆ ಬಂದಿದ್ದೆ. ಮೂರು ಸಲವೂ ಬ್ರಿಡ್ಜ್ ಹತ್ತಿ ಇನ್ನೊಂದು ಪ್ಲಾಟ್‌ಫಾರ್ಮಿಗೆ ಇಳಿದು ವಾಪಸ್ ಹೋದೆ. ಆಸ್ಪತ್ರೆಯಲ್ಲಿ ಪಪ್ಪ ನನ್ನ ಕೈ ಹಿಡಿದು, "ಮಸ್ಕಾ ನಿನ್ನವಳು ಮಗಾ, ಬೇರೆಯವರ ಕೈಗೆ ಹಾಕಬೇಡ" ಅಂದಿದ್ದರು. ಹೂಂ ಅಂದಿದ್ದೆ. ಹದಿನಾರಕ್ಕೆ ಸವಾರಿ ಬಿಟ್ಟವಳು ಒಂದು ದಿನವೂ ಬಂದು ನೋಡಲಿಲ್ಲ. ಅವರು ಮಾತ್ರ ಸಿಪ್ಪೆ ಚೀಲ ಹಿಡಿದು ಬರುತ್ತಿದ್ದರು, ನನ್ನ ಪರವಾಗಿ. ಯಾವ ಮುಖ ಇಟ್ಟುಕೊಂಡು ಅವಳ ಮುಂದೆ ನಿಲ್ಲಲಿ?

ಈಗ ನಿಲ್ಲುವ ಮಾತೂ ಇಲ್ಲ.

ವಿಜೇತಾ


ಗೋರೆಗಾಂವ್
3 ಮಾರ್ಚ್ 2024

ಯವ್ವಾ ತಂಗಿ,

ಹೂಳೂದು ಯಾರ್ನ? ನಾ ಈ ಪತ್ರ ಬರೀಲಾಕತ್ತೀನಿ, ಅಕಿ ನನ್ನ ಬೆನ್ನ ಹಿಂದ ನಿಂತು ಹುಲ್ಲು ತಿನ್ನಾಕತ್ತ್ಯಾಳ. ಪುಸ್ತಕದ ಭಾಷಿ ಹಾಳಾಗಿ ಹೋಗ್ಲಿ, ಮೊದಲ ಇದನ್ನ ಓದ್ರಿ. ಮಸ್ಕಾ ಅದಾಳ.

ಮಲಗಿಸಿ ಎಂದು ನೀವು ಬರೆದಿರಿ. ನಾನು ಮಲಗಿಸಿದೆ. ನಮ್ಮ ಕಡೆ ಮಲಗಿಸುವುದು ಎಂದರೆ ಕೂಸನ್ನು ಮಲಗಿಸುವುದು. ಕುದುರೆ ಕಟ್ಟುವ ತಬೇಲಾದ ಮೂಲೆಯಲ್ಲಿ ಮೊಣಕಾಲುದ್ದ ತಗ್ಗು ತೋಡಿ ಮೆತ್ತನೆಯ ಮರಳು ಹಾಕಿದೆವು, ಮೇಲೆ ಹುಲ್ಲು. ಒಂದು ಬದಿಗೆ ಮರಳಿನ ದಿಬ್ಬ, ಎದ್ದೇಳುವಾಗ ಒರಗಲು ಬೇಕಲ್ಲ. ಅವಳನ್ನು ತಂದು ನಿಲ್ಲಿಸಿದೆ. ಒಂದು ಗಂಟೆ ಮೂಸಿ ನೋಡಿದಳು, ಕಾಲು ಮಡಚಿದಳು, ಹೆದರಿ ಮತ್ತೆ ನಿಂತಳು. ಅಂಬವ್ವ ಆ ತಗ್ಗಿನಲ್ಲಿ ತಾನೇ ಮಲಗಿ, "ನೋಡವ್ವಾ, ಹಿಂಗ" ಎಂದು ತೋರಿಸಿದಳು. ಮಸ್ಕಾ ಅವಳ ಮಗ್ಗುಲಿಗೆ ದೊಪ್ಪೆಂದು ಕುಸಿದಳು.

ನಲವತ್ತು ನಿಮಿಷ ಮಲಗಿದಳು. ಗೊರಕೆ ಹೊಡೆದಳು. ಕಾಲು ಅಲುಗಿಸಿದಳು, ಕನಸಿನಲ್ಲಿ ಓಡುತ್ತಿದ್ದಳೋ ಏನೋ. ನಾವು ನಾಲ್ಕು ಜನ ಹೊಟ್ಟೆಯ ಕೆಳಗೆ ಪಟ್ಟೆ ಹಾಕಿ ಎಬ್ಬಿಸಿದೆವು. ಆವತ್ತಿನಿಂದ ದಿನಾ ಮಧ್ಯಾಹ್ನ ಎರಡಕ್ಕೆ ತಾನೇ ಆ ಮೂಲೆಯ ಕಡೆ ಎಳೆಯುತ್ತಾಳೆ.

ನಿಮ್ಮ ಪತ್ರ ಓದಿದ ಮೇಲೆ ನೀವು ಏನು ಹೇಳಿದ್ದಿರಿ ಎಂದು ತಿಳಿಯಿತು. ಸಿಟ್ಟು ಬಂತು, ಅಳುವೂ ಬಂತು. ಡಾಕ್ಟರಮ್ಮ ಹೇಳಿದ್ದು ಸುಳ್ಳು ಎಂದು ನಾನು ಹೇಳುವುದಿಲ್ಲ. ಎಬ್ಬಿಸುವಾಗ ಅವಳು ನರಳುವುದು ನನ್ನ ಕಿವಿಗೆ ಕೇಳುವುದಿಲ್ಲ, ಆದರೆ ಕೈಯಲ್ಲಿ ಹಿಡಿದಾಗ ಪಕ್ಕೆ ನಡುಗುವುದು ತಿಳಿಯುತ್ತದೆ. ಆದರೆ ನಿಮಗೆ ಬೇಕಾದ ಕೆಲಸವನ್ನು ಪೋಸ್ಟಿನಲ್ಲಿ ಮಾಡಿಸಬೇಡಿ. ಬಂದು ಅವಳ ಮುಂದೆ ನಿಂತು, ನಿಜವಾದ ಶಬ್ದ ಹೇಳಿ. ಆಮೇಲೆ ನೀವು ಹೇಳಿದಂತೆ ಆಗಲಿ.

ಶರಣಬಸಪ್ಪ


ಗ್ರಾಂಟ್ ರೋಡ್
6 ಮಾರ್ಚ್ 2024

ಕಾಕಾ,

ಪತ್ರವನ್ನು ಅಮ್ಮ ಜೋರಾಗಿ ಓದಿದರು, ನಾನು ಅಡುಗೆಮನೆಯ ನೆಲದ ಮೇಲೆ ಕೂತು ಕೇಳಿದೆ. ಅಂಬವ್ವ ತಗ್ಗಿನಲ್ಲಿ ಮಲಗಿದ್ದು ಓದುವಾಗ ಇಬ್ಬರೂ ನಕ್ಕೆವು, ನಕ್ಕು ಮುಗಿಯುವ ಮೊದಲೇ ಅಳು.

"ಇಂಗ್ಲಿಷಿನವರು, ಹಿಂದಿಯವರು ಹಾಗೆ ಹೇಳುವುದುಂಟು ಮಾರಾಯ್ತಿ, ಕನ್ನಡದಲ್ಲಿ ಕೊಲ್ಲುವುದಕ್ಕೆ ಮಲಗಿಸುವುದು ಅಂತ ಯಾರು ಹೇಳ್ತಾರೆ? ನನಗೆ ಒಮ್ಮೆ ತೋರಿಸಬಾರದಿತ್ತಾ?" ಎಂದು ಅಮ್ಮ ಬೈದರು. ತೋರಿಸಿದ್ದರೆ ಅವರು ತಿದ್ದಿ ಸರಿಯಾದ ಶಬ್ದ ಹಾಕುತ್ತಿದ್ದರು. ನೀವು ಡಾಕ್ಟರರನ್ನು ಕರೆಸುತ್ತಿದ್ದಿರಿ. ನನ್ನ ಕೆಟ್ಟ ಕನ್ನಡ ಅವಳನ್ನು ಉಳಿಸಿತು.

ನಾಡಿದ್ದು ಶುಕ್ರವಾರ ಬೆಳಿಗ್ಗೆ ಬರುತ್ತೇನೆ. ಈ ಸಲ ಬ್ರಿಡ್ಜ್ ಹತ್ತಿ ಹೊರಗೆ ಇಳಿಯುತ್ತೇನೆ. ಗಜ್ಜರಿ ಸಿಪ್ಪೆ ಎತ್ತಿಡಲು ಅಡುಗೆಯವರಿಗೆ ಹೇಳಿದ್ದೇನೆ.

ವಿಜೇತಾ


ಪನವೇಲ್
5 ಏಪ್ರಿಲ್ 2024

ತಂಗಿ ವಿಜೇತಾ ಅವರಿಗೆ ಶರಣು ಶರಣಾರ್ಥಿ.

ಹೊಸ ಜಾಗದಲ್ಲಿ ಕುದುರೆಗಳು ಹೊಂದಿಕೊಂಡಿವೆ. ನಾನು ಇನ್ನೂ ಹೊಂದಿಕೊಂಡಿಲ್ಲ. ಮಧ್ಯಾಹ್ನ ಎರಡಾಯಿತೆಂದರೆ ಕಾಲು ತಾನಾಗಿ ಮೂಲೆ ಹುಡುಕುತ್ತದೆ.

ಆ ಇಪ್ಪತ್ತು ದಿನ ನೀವು ಒಂದು ದಿನವೂ ತಪ್ಪಿಸಲಿಲ್ಲ. ಮೊದಲ ದಿನ ನೀವು ಗೇಟಿನಲ್ಲೇ ನಿಂತಿರಿ, ಅವಳೇ ಕುಂಟುತ್ತಾ ನಿಮ್ಮ ಹತ್ತಿರ ಬಂದಳು. ಚೀಲ ಮೂಸಿದಳು, ಆಮೇಲೆ ನಿಮ್ಮ ಮೊಣಕೈ ಮೂಸಿದಳು. ಎಬ್ಬಿಸುವ ಪಟ್ಟೆಯ ಒಂದು ತುದಿಯನ್ನು ನೀವು ಹಿಡಿಯಲು ಶುರು ಮಾಡಿದ ಮೇಲೆ ಅವಳ ನಡುಕ ನಿಮ್ಮ ಕೈಗೂ ತಿಳಿಯಿತು. ನಾನು ಏನೂ ಹೇಳಬೇಕಾಗಲಿಲ್ಲ. ಮಾರ್ಚ್ ಇಪ್ಪತ್ತೇಳಕ್ಕೆ ಮೂರು ಸಲ ಎತ್ತಿದರೂ ಅವಳು ಏಳಲಿಲ್ಲ, ನಾಲ್ಕನೆಯ ಸಲ ಎದ್ದಳು. ಆಗ ನೀವು ಅವಳ ಮುಂದೆ ನಿಂತು, ಕನ್ನಡದಲ್ಲಿ, ನಿಜವಾದ ಶಬ್ದ ಹೇಳಿದಿರಿ. ನಾನು ನಿಮ್ಮ ತುಟಿ ನೋಡಿ ತಿಳಿದುಕೊಂಡೆ.

ಮರುದಿನ ಎರಡಕ್ಕೆ, ಮೊದಲು ನನ್ನ ಮಾತಿನಂತೆ ಮಲಗಿಸಿದೆವು. ಅವಳು ಗೊರಕೆ ಹೊಡೆದ ಮೇಲೆ ಡಾಕ್ಟರಮ್ಮ ನಿಮ್ಮ ಮಾತಿನಂತೆ ಮಲಗಿಸಿದರು. ಯಾರೂ ಪಟ್ಟೆ ಎತ್ತಿಕೊಳ್ಳಲಿಲ್ಲ. ನೀವು ಹೋದ ಮೇಲೆ ಮುನ್ಸಿಪಾಲ್ಟಿಯ ಗಾಡಿ ಬಂತು. ಅದನ್ನು ನಾನು ಬರೆಯುವುದಿಲ್ಲ.

ಒಂದು ಮಾತು ಉಳಿದಿದೆ. ನಿಮ್ಮ ಕೆಟ್ಟ ಕನ್ನಡ ಅವಳನ್ನು ಉಳಿಸಿತು ಎಂದು ಬರೆದಿದ್ದಿರಿ. ಅಲ್ಲ ತಂಗಿ. ಡಾಕ್ಟರಮ್ಮ ನೋಡಲು ಬಂದ ಶನಿವಾರವೇ ನನ್ನ ಬಲಗಿವಿಗೆ ಬಾಯಿಟ್ಟು, "ಇಸ್ಕೋ ಸುಲಾ ದೇನಾ ಪಡೇಗಾ" ಎಂದಿದ್ದರು, ಇವಳನ್ನು ಮಲಗಿಸಬೇಕಾಗುತ್ತದೆ ಎಂದು. ಮೂವತ್ತು ವರ್ಷ ಮುಂಬಯಿಯ ತಬೇಲಾದಲ್ಲಿ ಕಳೆದವನು ನಾನು. ಕುದುರೆಯನ್ನು ಸುಲಾನಾ ಎಂದರೆ ಏನೆಂದು ನನಗೆ ಗೊತ್ತಿಲ್ಲದೆ ಇದ್ದೀತೆ? ನಿಮ್ಮ ಪತ್ರ ಬಂದಾಗ ಮೊದಲ ಓದಿಗೇ ತಿಳಿದಿತ್ತು. ಎರಡನೆಯ ಸಲ ಓದಿದಾಗ ಆ ಶಬ್ದಕ್ಕೆ ಕನ್ನಡದಲ್ಲಿ ಬೇರೆ ಅರ್ಥವಿದೆ ಎಂದು ಕಂಡಿತು. ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡೆ. ಕಿವುಡನಿಗೆ ಬೇಡದ ಮಾತನ್ನು ಕೇಳದೆ ಇರುವ ಅಭ್ಯಾಸ ಇರುತ್ತದೆ, ಕಣ್ಣಿಗೂ ಅದನ್ನೇ ಕಲಿಸಿದೆ. ಮೂರನೆಯ ತಾರೀಖಿನ ಪತ್ರದಲ್ಲಿ ಆಮೇಲೆ ತಿಳಿಯಿತು ಎಂದದ್ದು ಸುಳ್ಳು.

ಕಾರ್ಡನ್ನು ಹಾಗೆ ಬರೆದದ್ದೂ ಬೇಕೆಂದೇ. ಓದಿದ ಕೂಡಲೇ ಗಾಬರಿಯಾಗಿ ಓಡಿ ಬರುತ್ತೀರಿ ಎಂದುಕೊಂಡಿದ್ದೆ. ನೀವು ಬರಲಿಲ್ಲ, ನಿಮ್ಮ ಮನೆಯಲ್ಲಿ ದೀಪ ಹಚ್ಚಿದರು. ನಿಮ್ಮ ತಾಯಿಯವರ ಕ್ಷಮೆಯನ್ನೂ ಕೇಳುತ್ತೇನೆ.

ಶಿಕಾರಿಯ ಹೆಸರು ಕರೆದು ಓಡಿಬಂದವನು ನಾನು. ಮತ್ತೊಮ್ಮೆ ಓಡಬಾರದು ಎಂದು ಆ ತಗ್ಗು ತೋಡಿದೆ. ಆದರೆ ಒಂದು ತಿಂಗಳ ನಡುಕವನ್ನು ಅವಳ ಪಕ್ಕೆಗೆ ಸೇರಿಸಿದ್ದು ಅವಳಿಗಾಗಿಯೋ ನನಗಾಗಿಯೋ ಎಂದು ದಿನಾ ಎರಡಕ್ಕೆ ನನ್ನನ್ನೇ ಕೇಳಿಕೊಳ್ಳುತ್ತೇನೆ. ಈ ಸಲ ಕಿವಿಯ ನೆಪ ಹೇಳುವುದಿಲ್ಲ. ನೀವೂ ಅದನ್ನು ಕೇಳಿ.

ನಿಮ್ಮ
ಶರಣಬಸಪ್ಪ